ಚಾರ್ಟ್ ಓದಿಸಿದೆ, ಪರದೆ ನೋಡಲಿಲ್ಲ

ಮುಂಬೈಯ ಘಾಟ್ಕೋಪರ್‌ನ ಒಂದು ಕನ್ನಡಕದ ಅಂಗಡಿಯಲ್ಲಿ ನಾನು ಆಪ್ಟೋಮೆಟ್ರಿಸ್ಟ್, ಅಂದರೆ ದೃಷ್ಟಿ ಪರೀಕ್ಷಿಸಿ ಕನ್ನಡಕದ ನಂಬರ್ ಕೊಡುವವಳಾಗಿ ಸೇರಿದ ಹೊಸತು. ಊರಿನ ಕಡೆಯವರೇ ಒಬ್ಬರು ಬಂದರು. ಹೋಟೆಲಿನ ಗಲ್ಲಾದಲ್ಲಿ ಕೂರುವವರು. ಬಿಲ್ಲಿನ ಅಕ್ಷರ ಕಾಣ್ತಿಲ್ಲ ಅಂದರು. ದೂರದ ಚಾರ್ಟನ್ನು ಕೊನೆಯ ಸಾಲಿನವರೆಗೂ ಸಲೀಸಾಗಿ ಓದಿದರು. ಹತ್ತಿರಕ್ಕೆ ನಂಬರ್ ಬರೆದುಕೊಟ್ಟೆ. "ಶುಗರ್ ಇದೆಯಾ ಅಣ್ಣಾ?" ಅಂತ ಕೇಳಿದ್ದೆ ಕೂಡ. "ಹನ್ನೆರಡು ವರ್ಷ ಆಯ್ತಮ್ಮಾ, ಮಾತ್ರೆ ತಗೊಳ್ತೇನೆ" ಅಂದರು. ನಾನು ಅಲ್ಲಿಗೇ ಬಿಟ್ಟೆ.

ಏಳೆಂಟು ತಿಂಗಳ ಮೇಲೆ ಮತ್ತೆ ಬಂದರು. ಬಲಗಣ್ಣಿನ ಮುಂದೆ ಜೇಡರಬಲೆಯ ಹಾಗೆ ಕಪ್ಪು ಎಳೆಗಳು ಓಡಾಡುತ್ತಿವೆ ಅಂದರು. ಆಸ್ಪತ್ರೆಗೆ ಕಳಿಸಿದಾಗ ಗೊತ್ತಾಯಿತು, ಕಣ್ಣಿನೊಳಗೆ ರಕ್ತ ಸೋರಿತ್ತು. "ಆವತ್ತು ಕಣ್ಣು ಚೆನ್ನಾಗಿದೆ ಅಂದಿದ್ದಿರಿ ಅಲ್ವಾ?" ಅಂತ ಕೇಳಿದರು. ಬೈಯುವ ದನಿ ಇರಲಿಲ್ಲ. ಅದಕ್ಕೇ ನನಗೆ ಇನ್ನೂ ಜಾಸ್ತಿ ನೋವಾಯಿತು.

ಚಾರ್ಟ್ ಓದುವುದು ಬೇರೆ, ಕಣ್ಣಿನ ಪರದೆ ಚೆನ್ನಾಗಿರುವುದು ಬೇರೆ. ಪರದೆ ಅಂದರೆ ರೆಟಿನಾ. ಮುಂಬೈಯಲ್ಲಿ ಎಲ್ಲರೂ ಪರದೆ ಅಂತಲೇ ಹೇಳುತ್ತಾರೆ. ಅದರ ತುದಿಯ ರಕ್ತನಾಳಗಳು ಕೂದಲಿಗಿಂತ ಸಣ್ಣವು. ವರ್ಷಗಟ್ಟಲೆ ಶುಗರ್ ಜಾಸ್ತಿ ಇದ್ದರೆ ಅವುಗಳ ಗೋಡೆ ಸಡಿಲವಾಗುತ್ತದೆ. ಹಳೇ ಚಾಳಿನ ನೀರಿನ ಪೈಪಿನ ಹಾಗೆ ಒಂದು ಕಡೆ ಉಬ್ಬುತ್ತದೆ, ಒಂದು ಕಡೆ ಜಿನುಗುತ್ತದೆ, ಇನ್ನೊಂದು ಕಡೆ ಕಟ್ಟಿಕೊಳ್ಳುತ್ತದೆ. ರಕ್ತ ಸಿಗದ ಜಾಗದಲ್ಲಿ ಹೊಸ ನಾಳಗಳು ಚಿಗುರುತ್ತವೆ. ಅವಕ್ಕೆ ಗಟ್ಟಿಯೇ ಇಲ್ಲ, ಬೇಗ ಒಡೆಯುತ್ತವೆ. ಇಷ್ಟೆಲ್ಲ ಆಗುವಾಗ ನೋವಿಲ್ಲ, ಕೆಂಪಿಲ್ಲ, ನೀರು ಸುರಿಯುವುದಿಲ್ಲ. ಪರದೆಯ ನಡುಭಾಗಕ್ಕೆ ತೊಂದರೆ ಮುಟ್ಟುವವರೆಗೂ ಚಾರ್ಟಿನ ಕೊನೆಯ ಸಾಲು ಕಾಣುತ್ತಲೇ ಇರುತ್ತದೆ.

ಆಮೇಲೆ ನಾನು ಕಣ್ಣಿನ ಆಸ್ಪತ್ರೆಯೊಂದಕ್ಕೆ ಸೇರಿದೆ. ಅಲ್ಲಿಯ ಡಾಕ್ಟರ ಒಪ್ಪಿಗೆ ಪಡೆದು ನಮ್ಮ ಹೋಟೆಲ್ ಜನರಿಗಾಗಿ ತಪಾಸಣೆ ಶುರು ಮಾಡಿದೆ. ಮೊದಲ ಸಲ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಇಟ್ಟೆ. ಹೋಟೆಲಿನಲ್ಲಿ ಇಡ್ಲಿ, ದೋಸೆಗೆ ಜನ ಸಾಲು ನಿಂತಿರುವ ಹೊತ್ತು ಅದು, ಯಾರು ಬರುತ್ತಾರೆ? ಈಗ ವಾರದ ಮಧ್ಯೆ, ಮಧ್ಯಾಹ್ನ ಮೂರರಿಂದ ಐದೂವರೆ. ಊಟದ ಗಡಿಬಿಡಿ ಮುಗಿದು, ಸಂಜೆಯ ಚಹಾ ಶುರುವಾಗುವ ಮುಂಚೆ.

ಇನ್ನೊಂದು ತೊಡಕು ಕಣ್ಣಿಗೆ ಬಿಡುವ ಮದ್ದು. ಪಾಪೆ ದೊಡ್ಡದಾಗಲು ಇಪ್ಪತ್ತು, ಮೂವತ್ತು ನಿಮಿಷ ಬೇಕು. ಅದಾದ ಮೇಲೆ ನಾಲ್ಕೈದು ಗಂಟೆ ಹತ್ತಿರದ್ದು ಮಂಜು, ಬೆಳಕು ಚುಚ್ಚುತ್ತದೆ. ಗಲ್ಲಾದವರು ನೋಟು ಎಣಿಸುವುದು ಹೇಗೆ? ಅದಕ್ಕೆ ತಪಾಸಣೆ ನಡೆಯುವ, ನಮ್ಮವರ ಸಂಘದ ಸಭಾಂಗಣದ ಕಿಟಕಿಗಳಿಗೆ ದಪ್ಪ ಚಾದರ ಕಟ್ಟಿ ಕತ್ತಲೆ ಮಾಡುತ್ತೇನೆ. ಕತ್ತಲಲ್ಲಿ ಪಾಪೆ ತಾನಾಗಿ ಹಿಗ್ಗುತ್ತದೆ, ಪರದೆಯ ಫೋಟೋ ತೆಗೆಯುವ ಫಂಡಸ್ ಕ್ಯಾಮೆರಾದಲ್ಲಿ ಮದ್ದಿಲ್ಲದೆಯೂ ಎಷ್ಟೋ ಜನರ ಫೋಟೋ ಸಿಗುತ್ತದೆ. ಒಂದು ಕಣ್ಣಿಗೆ ಫ್ಲಾಷ್ ಬಿದ್ದರೆ ಎರಡೂ ಪಾಪೆ ಕುಗ್ಗುತ್ತವೆ. ಹಾಗಾಗಿ ಕೆಲವು ನಿಮಿಷ ಸುಮ್ನೆ ಕೂರಿಸಿ ಇನ್ನೊಂದು ಕಣ್ಣು ತೆಗೆಯಬೇಕು. ಆತುರ ಮಾಡಿದರೆ ಎರಡನೇ ಫೋಟೋ ಕಪ್ಪು ಕಪ್ಪು. ಪೊರೆ ಇದ್ದವರದ್ದು, ಪಾಪೆ ಹಿಗ್ಗದವರದ್ದು ಸ್ಪಷ್ಟ ಬರುವುದಿಲ್ಲ. ಅಂಥವರು ಸುಟ್ಟಿಯ ದಿನ ಆಸ್ಪತ್ರೆಗೆ ಬಂದು ಮದ್ದು ಬಿಡಿಸಿಕೊಳ್ಳಬೇಕು. ಬೈಕ್ ತರಬೇಡಿ ಅಂತ ಮೊದಲೇ ಹೇಳುತ್ತೇನೆ.

ಫೋಟೋವನ್ನು ಅವರಿಗೇ ತೋರಿಸುವುದು ನನ್ನ ಪದ್ಧತಿ. ಪಕ್ಕದಲ್ಲಿ ನನ್ನ ಕಣ್ಣಿನ ಫೋಟೋ ಇಡುತ್ತೇನೆ. ಕಿತ್ತಳೆ ಬಣ್ಣದ ದುಂಡು, ಮೇಲೆ ಬಳ್ಳಿಯ ಹಾಗೆ ನಾಳಗಳು. ಹೋದ ಸಲ ಭಾಂಡುಪ್‌ನಿಂದ ಒಬ್ಬ ಅಕ್ಕ ಬಂದಿದ್ದರು. ಗಂಡನನ್ನು ಕರೆದುಕೊಂಡು ಬಂದವರು, ತಮಗೂ ಶುಗರ್ ಇದೆ ಅಂತ ಮೆಲ್ಲಗೆ ಹೇಳಿದರು. ಗಂಡನ ಕಣ್ಣು ಚೊಕ್ಕ ಇತ್ತು. ಇವರ ಪರದೆಯ ಮೇಲೆ ಕೆಂಪು ಚುಕ್ಕೆಗಳು, ನಡುಭಾಗದ ಹತ್ತಿರ ಹಳದಿ ರವೆ ಚೆಲ್ಲಿದ ಹಾಗೆ ಕಣಗಳು. ಜಿನುಗಿದ ಕೊಬ್ಬು ಅದು. "ಇದು ನನ್ನದೇ ಕಣ್ಣಾ? ನೋವೇ ಇಲ್ಲವಲ್ಲ ಮಾರಾಯ್ತಿ" ಅಂದರು. ಚಾರ್ಟ್ ಅವರೂ ಪೂರ್ತಿ ಓದಿದ್ದರು.

ಎಲ್ಲರೂ ಕೇಳುವುದು, "ಯಾವಾಗ ತೋರಿಸಬೇಕು?" ದೊಡ್ಡವರಾದ ಮೇಲೆ ಬರುವ ಟೈಪ್ 2 ಶುಗರ್ ಆದರೆ, ಗೊತ್ತಾದ ಕೂಡಲೇ ಒಮ್ಮೆ. ಅದು ಎಷ್ಟು ವರ್ಷದಿಂದ ಒಳಗೆ ಕೂತಿದೆಯೋ ಯಾರಿಗೂ ಗೊತ್ತಿರುವುದಿಲ್ಲ. ಆಮೇಲೆ ವರ್ಷಕ್ಕೊಮ್ಮೆ, ಡಾಕ್ಟರು ಬೇಗ ಬನ್ನಿ ಅಂದರೆ ಬೇಗ. ಟೈಪ್ 1, ಅಂದರೆ ಹೆಚ್ಚಾಗಿ ಚಿಕ್ಕ ವಯಸ್ಸಿನಲ್ಲೇ ಬರುವ ಶುಗರ್ ಇರುವವರು, ಅದು ಗೊತ್ತಾದ ಐದು ವರ್ಷದೊಳಗೆ ಶುರು ಮಾಡಬೇಕು. ಶುಗರ್ ಇರುವ ಹೆಣ್ಣುಮಕ್ಕಳು ಬಸುರಾದರೆ ಮೊದಲ ಮೂರು ತಿಂಗಳಲ್ಲೇ. ಆಗ ತೊಂದರೆ ಬೇಗ ಏರಬಹುದು.

ಶುಗರ್ ಹಿಡಿತದಲ್ಲಿಟ್ಟರೆ ಕಣ್ಣಿಗೆ ಎಷ್ಟು ಲಾಭ ಅಂತ ನಂಬದವರಿಗೆ 1993ರ ಡಿಸಿಸಿಟಿ ಎಂಬ ದೊಡ್ಡ ಶುಗರ್ ಅಧ್ಯಯನದ ಮಾತು ಹೇಳುತ್ತೇನೆ. ಟೈಪ್ 1 ಇದ್ದವರಲ್ಲಿ ಶುಗರನ್ನು ಬಿಗಿಯಾಗಿ ಇಟ್ಟಾಗ, ಪರದೆಯ ತೊಂದರೆ ಹೊಸದಾಗಿ ಶುರುವಾಗುವ ಅಪಾಯ ಶೇಕಡಾ 76ರಷ್ಟು ಇಳಿದಿತ್ತು. ಬಿಪಿಯನ್ನೂ ಹಾಗೇ ಹಿಡಿಯಬೇಕು.

ಪರದೆಗೆ ಲೇಸರ್ ಚಿಕಿತ್ಸೆ ಮಾಡಿಸಿದರೆ ಕಣ್ಣು ಹೋಗುತ್ತದೆ ಎನ್ನುವ ಮಾತು ನಮ್ಮವರಲ್ಲಿ ಬಹಳ ಇದೆ. ತೀರಾ ತಡವಾಗಿ ಬಂದವರನ್ನು ನೋಡಿ ಹುಟ್ಟಿದ ಮಾತು ಅದು. ಹೋದ ದೃಷ್ಟಿಯನ್ನು ಲೇಸರ್ ಸಾಮಾನ್ಯವಾಗಿ ತಂದುಕೊಡುವುದಿಲ್ಲ, ಇರುವುದನ್ನು ಉಳಿಸುತ್ತದೆ. ಪರದೆಯ ನಡುಭಾಗ ಊದಿದ್ದರೆ ಕಣ್ಣಿಗೆ ಇಂಜೆಕ್ಷನ್ ಕೊಡುತ್ತಾರೆ. ಮರಗಟ್ಟಿಸುವ ಮದ್ದು ಹಾಕಿಯೇ ಕೊಡುವುದು. ಶುರುವಿಗೆ ತಿಂಗಳಿಗೊಂದು ಬೇಕಾಗುತ್ತದೆ, ನಮ್ಮವರು ತಪ್ಪಿಸುವುದು ಇಲ್ಲಿಯೇ. ಎರಡು ತಗೊಂಡು ಕೋಲಕ್ಕೋ ಮದುವೆಗೋ ಊರಿಗೆ ಹೋದರೆ ತಿಂಗಳು ಎರಡಾಗುತ್ತದೆ. ಅದಕ್ಕೆ ಫೋಟೋ, ಫೈಲ್ ಎಲ್ಲಾ ಕೈಗೆ ಕೊಟ್ಟು, ಊರಿನಲ್ಲೇ ಮುಂದಿನ ಡೋಸ್ ತಗೊಳ್ಳಿ ಅನ್ನುತ್ತೇನೆ.

ಡಾಕ್ಟರ ಹತ್ತಿರ ಹೋಗಬೇಕಾದವರ ಹೆಸರು ಒಂದು ನೋಟ್‌ಬುಕ್ಕಿನಲ್ಲಿದೆ. ಹೋಗಿ ಬಂದವರ ಮುಂದೆ ಟಿಕ್. ಭಾಂಡುಪ್‌ನ ಅಕ್ಕನ ಮುಂದೆ ಇನ್ನೂ ಟಿಕ್ ಬಿದ್ದಿಲ್ಲ. ಎರಡು ಸಲ ಫೋನ್ ಮಾಡಿದೆ, ಮಗಳ ಪರೀಕ್ಷೆ ಮುಗಿಯಲಿ ಅಂದರು. ನಾಳೆ ಮೂರೂವರೆಗೆ, ಅವರು ಬಿಡುವಾಗಿರುವ ಹೊತ್ತಿಗೆ, ಮತ್ತೆ ಮಾಡುತ್ತೇನೆ.