ಟರ್ಬೊ ಎಂಜಿನ್ ಕಟ್ಟುವಾಗ ಹೆಡ್ ಗ್ಯಾಸ್ಕೆಟ್ ಎಷ್ಟು ದಪ್ಪ ಇರಬೇಕು?

ಹೆಡ್ ಗ್ಯಾಸ್ಕೆಟ್ ಎಂದರೆ ಎಂಜಿನ್ನಿನ ಹೆಡ್ಡಿಗೂ ಬ್ಲಾಕಿಗೂ ನಡುವೆ ಕೂರುವ ಸೀಲು. ಫೇಸಿಂಗ್ (ಮೇಲ್ಮೈ ತಿಕ್ಕಿಸಿ ಸಮ ಮಾಡುವುದು) ಮುಗಿಸಿಕೊಂಡು ಹೆಡ್ ಗ್ಯಾರೇಜಿಗೆ ಬಂದ ಕೂಡಲೇ ಕೇಳಿಬರುವ ಮಾತು, "ಹೆಡ್ ತೆಳ್ಳಗಾಗಿದೆ, ಒಂದು ಸೈಜ್ ದಪ್ಪದ ಗ್ಯಾಸ್ಕೆಟ್ ತಂದುಬಿಡಿ" ಎಂಬುದು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಕೇಳಿದ ದಪ್ಪ ಸಿಕ್ಕರೂ ಸಿಗಬಹುದು. ಆದರೆ ದಪ್ಪವನ್ನು ತೀರ್ಮಾನಿಸಬೇಕಾದದ್ದು ಹೆಡ್ ಅಲ್ಲ. ಟಿಡಿಸಿಯಲ್ಲಿ, ಅಂದರೆ ಪಿಸ್ಟನ್ ತನ್ನ ಅತಿ ಎತ್ತರದ ಜಾಗಕ್ಕೆ ಬಂದಾಗ, ಅದು ಬ್ಲಾಕಿನ ಮೇಲ್ಮೈಗಿಂತ ಎಷ್ಟು ಮೇಲೆ ಅಥವಾ ಎಷ್ಟು ಕೆಳಗೆ ನಿಲ್ಲುತ್ತದೆ ಎಂಬ ಅಳತೆ. ಅದು ಕೈಯಲ್ಲಿಲ್ಲದೆ ಅಂಗಡಿ ಮೆಟ್ಟಿಲು ಹತ್ತಬೇಡಿ.

ಅಳೆಯಲು ಮ್ಯಾಗ್ನೆಟಿಕ್ ಸ್ಟ್ಯಾಂಡ್ ಇರುವ, 0.01 ಮಿ.ಮೀ. ತೋರಿಸುವ ಡಯಲ್ ಗೇಜ್ ಸಾಕು. ಪಿಸ್ಟನ್ ತಲೆಯ ಕಾರ್ಬನ್ ಪೂರ್ತಿ ತೆಗೆಯಿರಿ. ಗೇಜನ್ನು ಬ್ಲಾಕಿನ ಮೇಲೆ ಸೊನ್ನೆಗೆ ತಂದು, ಮುಳ್ಳನ್ನು ಪಿಸ್ಟನ್ ಮೇಲೆ ಸರಿಸಿ, ಕ್ರ್ಯಾಂಕನ್ನು ನಿಧಾನವಾಗಿ ತಿರುಗಿಸಿ ಅತಿ ಎತ್ತರದ ಓದನ್ನು ಬರೆದುಕೊಳ್ಳಿ. ಬೋರಿನೊಳಗೆ ಪಿಸ್ಟನ್ ಸ್ವಲ್ಪ ಅಲ್ಲಾಡುತ್ತದೆ. ಆದ್ದರಿಂದ ಪಿಸ್ಟನ್ ಪಿನ್ ಇರುವ ಗೆರೆಯ ನೇರದಲ್ಲೇ ಎರಡು ತುದಿಗಳಲ್ಲಿ ಅಳೆದು ಸರಾಸರಿ ತೆಗೆಯಿರಿ. ಪಿನ್ನಿಗೆ ಅಡ್ಡ ದಿಕ್ಕಿನಲ್ಲಿ ಅಳೆದರೆ ಆ ಅಲುಗಾಟವೇ ಓದಿನಲ್ಲಿ ಸೇರಿಕೊಳ್ಳುತ್ತದೆ. ಎಲ್ಲ ಸಿಲಿಂಡರುಗಳನ್ನೂ ಅಳೆದು, ಅತಿ ಎತ್ತರ ನಿಂತ ಪಿಸ್ಟನ್ನಿನ ಲೆಕ್ಕವನ್ನೇ ಹಿಡಿಯಬೇಕು. ಸರಾಸರಿ ಪಿಸ್ಟನ್ ಹಿಡಿದು ಗ್ಯಾಸ್ಕೆಟ್ ಆರಿಸಿದರೆ ಎತ್ತರದ್ದು ಹೆಡ್ಡಿಗೆ ಬಡಿಯುತ್ತದೆ.

ಡೀಸೆಲ್ ಎಂಜಿನ್ನಿನಲ್ಲಿ ಇಲ್ಲಿಗೆ ಅರ್ಧ ಕೆಲಸ ಮುಗಿಯಿತು. ಕಂಪನಿಯವರೇ ಎರಡು ಮೂರು ದಪ್ಪದ ಗ್ಯಾಸ್ಕೆಟ್ ಕೊಟ್ಟಿರುತ್ತಾರೆ, ಅಂಚಿನಲ್ಲಿ ತೂತು ಅಥವಾ ಕಚ್ಚು ಇಟ್ಟು ಗುರುತಿಸಿರುತ್ತಾರೆ. ಹಳೆಯ ಆಕ್ಟೇವಿಯಾದ 1.9 ಟಿಡಿಐ ತೆಗೆದುಕೊಳ್ಳಿ: ಪಿಸ್ಟನ್ ಬ್ಲಾಕಿಗಿಂತ 0.91ರಿಂದ 1.00 ಮಿ.ಮೀ. ಮೇಲೆದ್ದಿದ್ದರೆ ಒಂದು ತೂತಿನದು, 1.01ರಿಂದ 1.10 ಇದ್ದರೆ ಎರಡು, 1.11ರಿಂದ 1.20 ಇದ್ದರೆ ಮೂರು. ಹಳೆಯ ಗ್ಯಾಸ್ಕೆಟ್ಟಿನ ತೂತು ಎಣಿಸಿ ಅದೇ ತರುವುದು ಒಂದೇ ಸಂದರ್ಭದಲ್ಲಿ ಸರಿ: ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕ್, ಬ್ಲಾಕಿನ ಮೇಲ್ಮೈ ಯಾವುದನ್ನೂ ಮುಟ್ಟದೆ ಹೆಡ್ ಮಾತ್ರ ಇಳಿಸಿದ್ದಾಗ. ಹೊಸ ಪಿಸ್ಟನ್ ಬಿದ್ದಿದ್ದರೆ ಮತ್ತೆ ಅಳೆಯಲೇಬೇಕು.

ಡೀಸೆಲ್ಲಿಗೆ ಇಷ್ಟು ನಾಜೂಕು ಯಾಕೆ ಎಂಬುದಕ್ಕೆ ಒಂದು ಲೆಕ್ಕ. ಸ್ವಿಫ್ಟ್‌ನಲ್ಲಿ ಬಂದ 1.3 ಮಲ್ಟಿಜೆಟ್‌ನ ಬೋರ್ (ಸಿಲಿಂಡರಿನ ಒಳವ್ಯಾಸ) 69.6 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 82 ಮಿ.ಮೀ. ಒಂದು ಸಿಲಿಂಡರಿಗೆ 312 ಸಿಸಿ. ಕಂಪ್ರೆಶನ್, ಅಂದರೆ ಪಿಸ್ಟನ್ ಕೆಳಗಿದ್ದಾಗಿನ ಜಾಗ ಮೇಲಿದ್ದಾಗಿನ ಜಾಗದ ಎಷ್ಟು ಪಟ್ಟು ಎಂಬುದು, 17.6 ಎಂದಿಟ್ಟುಕೊಂಡರೆ ಟಿಡಿಸಿಯಲ್ಲಿ ಉಳಿಯುವ ಜಾಗ 18.8 ಸಿಸಿ ಅಷ್ಟೆ. ಗ್ಯಾಸ್ಕೆಟ್ 0.1 ಮಿ.ಮೀ. ಹೆಚ್ಚು ದಪ್ಪವಾದರೆ ಸುಮಾರು 0.39 ಸಿಸಿ ಸೇರಿ ಕಂಪ್ರೆಶನ್ 17.26ಕ್ಕೆ ಇಳಿಯುತ್ತದೆ. ಎರಡು ಗ್ರೇಡ್ ತಪ್ಪಿದರೆ ಚಳಿಗಾಲದ ಬೆಳಗ್ಗೆ ಸ್ಟಾರ್ಟ್ ಆಗಲು ತಡ, ಆದ ಮೇಲೂ ಸ್ವಲ್ಪ ಹೊತ್ತು ಬಿಳಿ ಹೊಗೆ. ಗಿರಾಕಿ ಇಂಜೆಕ್ಟರ್, ಗ್ಲೋ ಪ್ಲಗ್ ಎಲ್ಲ ಬದಲಿಸಿದರೂ ಹೋಗದ ತೊಂದರೆ ಅದು.

ಇನ್ನು ಪೆಟ್ರೋಲ್ ಟರ್ಬೊ. ಇಲ್ಲಿ ಲೆಕ್ಕ ಬೇರೆ, ತಪ್ಪು ತಿಳಿವಳಿಕೆಯೂ ಹೆಚ್ಚು. ಆಕ್ಟೇವಿಯಾ ಆರ್‌ಎಸ್‌ನ 1.8 ಟರ್ಬೊದಂತೆ ಬೋರ್ 81, ಸ್ಟ್ರೋಕ್ 86.4 ಮಿ.ಮೀ. ಇರುವ ಎಂಜಿನ್ನಿಗೆ ಸಿಲಿಂಡರಿಗೆ 445 ಸಿಸಿ. ಕಂಪ್ರೆಶನ್ 9.5 ಇದ್ದರೆ ಉಳಿಯುವ ಜಾಗ 52.4 ಸಿಸಿ. ಗ್ಯಾಸ್ಕೆಟ್ಟಿನ ಬೋರ್ 82 ಮಿ.ಮೀ. ಎಂದರೆ ಪ್ರತಿ 0.1 ಮಿ.ಮೀ. ದಪ್ಪಕ್ಕೆ 0.53 ಸಿಸಿ. 0.3 ಮಿ.ಮೀ. ಹೆಚ್ಚು ದಪ್ಪದ್ದು ಹಾಕಿದರೂ ಕಂಪ್ರೆಶನ್ ಇಳಿಯುವುದು 9.25ಕ್ಕೆ ಮಾತ್ರ. ಬೂಸ್ಟ್ (ಟರ್ಬೊ ತಳ್ಳುವ ಗಾಳಿಯ ಒತ್ತಡ) ಏರಿಸಲು ಇಷ್ಟು ಇಳಿಕೆ ಯಾವ ಮೂಲೆಗೂ ಸಾಲದು.

ಆದರೆ ಆ 0.3 ಮಿ.ಮೀ. ಇನ್ನೊಂದು ಕಡೆ ದೊಡ್ಡ ಹಾನಿ ಮಾಡುತ್ತದೆ. ಪಿಸ್ಟನ್ ಮೇಲೆ ಬಂದಾಗ ಅದರ ಅಂಚಿನ ಚಪ್ಪಟೆ ಭಾಗ ಹೆಡ್ಡಿನ ಚಪ್ಪಟೆ ಭಾಗಕ್ಕೆ ತೀರಾ ಹತ್ತಿರವಾಗಿ, ನಡುವಿನ ಗಾಳಿ-ಪೆಟ್ರೋಲನ್ನು ಸ್ಪಾರ್ಕ್ ಪ್ಲಗ್ ಕಡೆಗೆ ಹಿಂಡಿ ತಳ್ಳುತ್ತದೆ. ಇದೇ ಸ್ಕ್ವಿಶ್. ಸ್ಟೀಲ್ ರಾಡ್ ಇರುವ ರಸ್ತೆ ಎಂಜಿನ್ನಿಗೆ ಈ ಅಂತರ 0.9ರಿಂದ 1.1 ಮಿ.ಮೀ. ಇದ್ದರೆ ಚೆನ್ನ. 0.8ಕ್ಕಿಂತ ಕಡಿಮೆಯಾದರೆ ಹೆಚ್ಚು ಆರ್‌ಪಿಎಂನಲ್ಲಿ ರಾಡ್ ಹಿಗ್ಗಿ ಪಿಸ್ಟನ್ ಹೆಡ್ಡಿಗೆ ತಾಗುವ ಭಯ. 1.4, 1.5ಕ್ಕೆ ಹೋದರೆ ಹಿಂಡುವಿಕೆ ಸತ್ತು, ಅಂಚಿನಲ್ಲಿ ಉಳಿದ ಮಿಶ್ರಣ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಇದೇ ನಾಕಿಂಗ್. ಅಂದರೆ ನಾಕಿಂಗ್ ತಪ್ಪಿಸಲು ಹಾಕಿದ ದಪ್ಪ ಗ್ಯಾಸ್ಕೆಟ್ಟೇ ನಾಕಿಂಗ್ ತರುತ್ತದೆ! ಕಂಪ್ರೆಶನ್ ನಿಜವಾಗಿ ಇಳಿಸಬೇಕೆಂದರೆ ತಲೆಯಲ್ಲಿ ಗುಳಿ ಹೆಚ್ಚಿರುವ ಪಿಸ್ಟನ್ ಹಾಕಿಸಿ. ಎರಡು ಗ್ಯಾಸ್ಕೆಟ್ ಒಂದರ ಮೇಲೊಂದು ಇಡುವುದು ಪರಿಹಾರವಲ್ಲ.

ಅಂತರದ ಲೆಕ್ಕ ಸುಲಭ: ಬೋಲ್ಟ್ ಬಿಗಿದ ಮೇಲಿನ ಗ್ಯಾಸ್ಕೆಟ್ ದಪ್ಪಕ್ಕೆ, ಪಿಸ್ಟನ್ ಬ್ಲಾಕಿಗಿಂತ ಕೆಳಗಿದ್ದರೆ ಆ ಅಳತೆ ಕೂಡಿಸಿ, ಮೇಲಿದ್ದರೆ ಕಳೆಯಿರಿ. ಪಿಸ್ಟನ್ 0.1 ಕೆಳಗಿದ್ದು ಗ್ಯಾಸ್ಕೆಟ್ 0.95 ಇದ್ದರೆ ಅಂತರ 1.05. ಇದರಲ್ಲಿ ಹೆಡ್ ಫೇಸಿಂಗಿನ ಮಾತೇ ಬರಲಿಲ್ಲ, ಗಮನಿಸಿ. ಹೆಡ್ ತಿಕ್ಕಿಸಿದರೆ ಚೇಂಬರಿನ ಗಾತ್ರ ಕಡಿಮೆಯಾಗುತ್ತದೆ, ಸ್ಕ್ವಿಶ್ ಬದಲಾಗುವುದಿಲ್ಲ. ಬ್ಲಾಕ್ ತಿಕ್ಕಿಸಿದರೆ ಮಾತ್ರ ಪಿಸ್ಟನ್ ಮೇಲೆ ಬರುತ್ತದೆ, ಆಗ ಅಷ್ಟೇ ದಪ್ಪ ಹೆಚ್ಚಿಸುವುದು ನ್ಯಾಯ. ಹೆಡ್ಡಿನಿಂದ 0.25 ಮಿ.ಮೀ. ಹೋದರೆ ಮೇಲಿನ ಎಂಜಿನ್ನಿನಲ್ಲಿ ಕಂಪ್ರೆಶನ್ ಹೆಚ್ಚೆಂದರೆ 9.7ಕ್ಕೆ ಏರೀತು. ಅದನ್ನು ಇಗ್ನಿಷನ್ ಟೈಮಿಂಗಿನಲ್ಲಿ ಸರಿದೂಗಿಸಬಹುದು. ಆದರೆ ವಾಲ್ವ್ ಪಿಸ್ಟನ್ನಿಗೆ ಹತ್ತಿರವಾಗುವುದನ್ನು ಮರೆಯಬೇಡಿ: ಮಕ್ಕಳು ಆಡುವ ಕ್ಲೇ ಪಿಸ್ಟನ್ ಮೇಲಿಟ್ಟು, ಹೆಡ್ ಕೂರಿಸಿ, ಟೈಮಿಂಗ್ ಜೋಡಿಸಿ ಕೈಯಲ್ಲಿ ಎರಡು ಸುತ್ತು ತಿರುಗಿಸಿ ನೋಡಿ. ಇನ್‌ಟೇಕಿಗೆ 2 ಮಿ.ಮೀ., ಎಕ್ಸಾಸ್ಟಿಗೆ 2.5 ಮಿ.ಮೀ. ಉಳಿದಿದ್ದರೆ ನಿಶ್ಚಿಂತೆ. ಡೀಸೆಲ್ ಹೆಡ್ಡುಗಳಲ್ಲಿ ಹಲವನ್ನು ತಿಕ್ಕಿಸಲು ಕಂಪನಿ ಒಪ್ಪುವುದೇ ಇಲ್ಲ.

ಗ್ಯಾಸ್ಕೆಟ್ಟಿನ ಬೋರ್ ಸಿಲಿಂಡರ್ ಬೋರಿಗಿಂತ ಅರ್ಧದಿಂದ ಒಂದು ಮಿ.ಮೀ. ದೊಡ್ಡದಿರಬೇಕು. ಓವರ್‌ಸೈಜ್ ಪಿಸ್ಟನ್ ಹಾಕಿಸಿದವರು ಇದನ್ನು ಮರೆತರೆ ಗ್ಯಾಸ್ಕೆಟ್ ಅಂಚು ಒಳಗೆ ಚಾಚಿ, ಕಾದು ಕೆಂಪಾಗಿ, ಪ್ಲಗ್ ಕಿಡಿ ಕೊಡುವ ಮೊದಲೇ ಮಿಶ್ರಣ ಹೊತ್ತಿಸುತ್ತದೆ.

ಬೂಸ್ಟ್ ಇರುವ ಎಂಜಿನ್ನಿಗೆ ಪದರ ಪದರವಾದ ಸ್ಟೀಲಿನ ಗ್ಯಾಸ್ಕೆಟ್ಟೇ ಸರಿ, ಅಂದರೆ ಎಂಎಲ್‌ಎಸ್. 82 ಮಿ.ಮೀ. ವೃತ್ತದ ಮೇಲೆ 100 ಬಾರ್ ಒತ್ತಡ ಬಿದ್ದರೆ ಹೆಡ್ಡನ್ನು ಮೇಲೆತ್ತುವ ಬಲ ಐದು ಟನ್ ದಾಟುತ್ತದೆ, ಅದೂ ಒಂದೊಂದು ಸಿಲಿಂಡರಿಗೆ. ಆದರೆ ಎಂಎಲ್‌ಎಸ್ ಒರಟು ಮೇಲ್ಮೈ ಸಹಿಸದು. ಮೆಷಿನ್ ಶಾಪಿನಲ್ಲಿ "ಹೆಡ್ಡೂ ಬ್ಲಾಕೂ ಆರ್‌ಎ 0.8 ಮೈಕ್ರಾನಿನೊಳಗೆ ಬೇಕು" ಎಂದು ಮೊದಲೇ ಹೇಳಿ (ಆರ್‌ಎ ಎಂದರೆ ಮೇಲ್ಮೈಯ ಒರಟುತನದ ಅಳತೆ). ವಾಪಸ್ ಬಂದ ಮೇಲೆ ಸ್ಟ್ರೈಟ್ ಎಡ್ಜ್ ಇಟ್ಟು ಉದ್ದ, ಅಡ್ಡ, ಮೂಲೆಯಿಂದ ಮೂಲೆಗೆ ಪರೀಕ್ಷಿಸಿ. 0.05 ಮಿ.ಮೀ. ಫೀಲರ್ ಎಲ್ಲೂ ನುಗ್ಗಬಾರದು. ಹಳೆಯ ಗ್ಯಾಸ್ಕೆಟ್ ಚೂರುಗಳನ್ನು ಗ್ರೈಂಡರಿಗೆ ಎಮರಿ ಡಿಸ್ಕ್ ಹಾಕಿ ಉಜ್ಜಬೇಡಿ: ಮೇಲ್ಮೈ ತಗ್ಗಾಗುತ್ತದೆ, ಪುಡಿ ಎಣ್ಣೆಯ ಜೊತೆ ಬೇರಿಂಗಿಗೆ ಹೋಗುತ್ತದೆ. ಗ್ಯಾಸ್ಕೆಟ್ ಕಂಪನಿ ಹೇಳಿರದಿದ್ದರೆ ಶೆಲ್ಯಾಕ್ ಬಳಿಯುವುದೂ ಬೇಡ.

ಬೋಲ್ಟ್ ಹೊಸದೇ ಇರಲಿ. ಟಾರ್ಕ್ ಕೊಟ್ಟ ಮೇಲೆ ಡಿಗ್ರಿ ಲೆಕ್ಕದಲ್ಲಿ ತಿರುಗಿಸುವ ಬೋಲ್ಟ್ ಒಮ್ಮೆ ಎಳೆದರೆ ಉದ್ದವಾಗುತ್ತದೆ, ಎರಡನೇ ಸಲ ಅದೇ ಬಿಗಿ ಕೊಡದು. ತೂತಿನ ತಳದಲ್ಲಿ ನೀರು ಅಥವಾ ಎಣ್ಣೆ ನಿಂತಿದ್ದರೆ ಬಿಗಿಯುವಾಗ ಬ್ಲಾಕೇ ಸೀಳಬಹುದು, ಗಾಳಿ ಊದಿ ಒಣಗಿಸಿ.

ಬೆಂಗಳೂರಿನವರಿಗೆ ಒಂದು ವಿಶೇಷ ಎಚ್ಚರ. ನಾವಿರುವುದು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲೆ, ಇಲ್ಲಿ ಗಾಳಿಯ ಒತ್ತಡ ಹತ್ತಿರ ಹತ್ತಿರ ಹತ್ತನೇ ಒಂದು ಭಾಗ ಕಡಿಮೆ. ಬೂಸ್ಟನ್ನು ಮಿತಿಯಲ್ಲಿಡುವ, ಸ್ಪ್ರಿಂಗಿನ ಮೇಲಷ್ಟೇ ನಿಂತ ವೇಸ್ಟ್‌ಗೇಟ್ ಇರುವ ಎಂಜಿನ್ ಇಲ್ಲಿ ನಾಕ್ ಆಗದೆ ಓಡಿ, ಶಿರಾಡಿ ಘಾಟಿ ಇಳಿದು ಮಂಗಳೂರಿನ ಸೆಕೆಯಲ್ಲಿ ನಾಕ್ ಹೊಡೆಯಬಹುದು. ಕಂಪ್ರೆಶನ್, ಟೈಮಿಂಗ್ ಎರಡನ್ನೂ ಕರಾವಳಿಯ ಗಾಳಿಗೆ, ಎಲ್ಲ ಬಂಕಿನಲ್ಲೂ ಸಿಗುವ ಸಾಮಾನ್ಯ ಪೆಟ್ರೋಲಿಗೆ ಲೆಕ್ಕ ಹಾಕಿ. 100 ಆಕ್ಟೇನ್ ಕೆಲವೇ ಬಂಕುಗಳಲ್ಲಿ ಸಿಗುತ್ತದೆ.

ಕೊನೆಗೆ ಪಿಸ್ಟನ್ ಎತ್ತರ, ಗ್ಯಾಸ್ಕೆಟ್ ದಪ್ಪ, ಹೆಡ್ಡಿನಿಂದಲೂ ಬ್ಲಾಕಿನಿಂದಲೂ ತೆಗೆದದ್ದೆಷ್ಟು ಎಂಬುದನ್ನು ಬರೆದು ಬಿಲ್ಲಿನ ಜೊತೆ ಗಾಡಿಯಲ್ಲೇ ಇಡಿ. ಮುಂದೆ ಹೆಡ್ ಇಳಿಸುವವರು ನಿಮ್ಮ ಅಳತೆಯಿಂದಲೇ ಶುರು ಮಾಡಬೇಕಾಗುತ್ತದೆ.