ವಾಲ್ವ್ ಆಂಪ್ಲಿಫೈಯರ್ ಹದಕ್ಕೆ ಬಂದ ಬಗೆ

ಮಂಡ್ಯದ ಒಂದು ಗಣಪತಿ ಪೆಂಡಾಲಿನಲ್ಲಿ ನನ್ನ ಗಿಟಾರ್ ಯಾರಿಗೂ ಕೇಳಿಸಲಿಲ್ಲ. ಹೊಸದಾಗಿ ಕೊಂಡ 15 ವಾಟ್‌ನ ವಾಲ್ವ್ ಆಂಪ್ಲಿಫೈಯರ್ (ಗಾಜಿನ ನಿರ್ವಾತ ಕೊಳವೆಗಳಿಂದ ಗಿಟಾರಿನ ಸದ್ದು ಹಿಗ್ಗಿಸುವ ಪೆಟ್ಟಿಗೆ) ಪಕ್ಕದಲ್ಲೇ ಇತ್ತು, ನಾನು ಜೋರಾಗಿಯೇ ನುಡಿಸುತ್ತಿದ್ದೆ. ಕೀಬೋರ್ಡ್, ಬೇಸ್ ಗಿಟಾರ್, ಡ್ರಮ್ಸ್ ಒಟ್ಟಿಗೆ ಎದ್ದ ಕೂಡಲೇ ನನ್ನ ನಾದ ಅಡಗಿಹೋಯಿತು. ಹಿಂದಿನ ರಾತ್ರಿಯಷ್ಟೇ ಮೈಸೂರಿನ ಸರಸ್ವತಿಪುರಂನಲ್ಲಿರುವ ನನ್ನ ಕೋಣೆಯಲ್ಲಿ ಅದೇ ಆಂಪ್ ತುಂಬುದನಿಯಲ್ಲಿ ಹಾಡಿತ್ತು.

ತಪ್ಪು ತಿಳಿಯಲು ತಿಂಗಳುಗಳೇ ಹಿಡಿದವು. ಸದ್ದು ಕಡಿಮೆಯಿದ್ದಾಗ ನಮ್ಮ ಕಿವಿಗೆ ತೀರಾ ಕೆಳಗಿನ ಮತ್ತು ತೀರಾ ಮೇಲಿನ ಸ್ವರಗಳು ಸರಿಯಾಗಿ ಎಟುಕುವುದಿಲ್ಲ. ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಕೋಣೆಯಲ್ಲಿ ಮೆಲ್ಲಗೆ ನುಡಿಸುತ್ತಿದ್ದ ನಾನು ಆ ಕೊರತೆ ತುಂಬಲು ಕೆಳಗಿನ ಸ್ವರಗಳ ಬೇಸ್, ಮೇಲಿನವುಗಳ ಟ್ರೆಬಲ್ ನಾಬ್ ಏರಿಸಿ, ನಡುವಿನವುಗಳ ಮಿಡ್ ಇಳಿಸಿದ್ದೆ. ವೇದಿಕೆಯಲ್ಲಿ ಕೆಳಗಿನದೆಲ್ಲ ಬೇಸ್ ಗಿಟಾರಿನ ಪಾಲು, ಮೇಲಿನ ಝಲ್ಲೆನ್ನುವುದು ಸಿಂಬಲ್‌ಗಳ ಪಾಲು. ಗಿಟಾರಿಗೆ ಉಳಿಯುವುದು ಮಧ್ಯದ ಜಾಗ. ಅದನ್ನೇ ಕೈಯಾರೆ ಖಾಲಿ ಮಾಡಿದ್ದೆ. ಫೆಂಡರ್ ಕಂಪನಿಯ ಆಂಪ್‌ಗಳ ಮಾದರಿಯ ಟೋನ್ ಸರ್ಕ್ಯೂಟಿನಲ್ಲಿ ಮೂರೂ ನಾಬ್‌ಗಳನ್ನು 5ರಲ್ಲಿಟ್ಟರೂ ಮಧ್ಯ ಕುಳಿಬಿದ್ದಿರುತ್ತದೆ. ಬೇಸ್, ಟ್ರೆಬಲ್ ಸೊನ್ನೆಗಿಳಿಸಿ ಮಿಡ್ ಪೂರ್ತಿ ಏರಿಸಿದಾಗ ಮಾತ್ರ ಅದು ಹೆಚ್ಚುಕಡಿಮೆ ಸಮತಟ್ಟಾಗುತ್ತದೆ. ನನ್ನದೂ ಅದೇ ಮಾದರಿ.

ಮಿಡ್ ಏರಿಸಿದ ಮೇಲೆ ಕೇಳಿಸತೊಡಗಿತು. ಆದರೆ ಇಂಪಿರಲಿಲ್ಲ, ಜೀರುಂಡೆಯ ಹಾಗೆ ಜಿರ್ರೆನ್ನುತ್ತಿತ್ತು. ದೇವರಾಜ ಮಾರುಕಟ್ಟೆಯ ಆಸುಪಾಸಿನಲ್ಲಿ ಹಳೆಯ ರೇಡಿಯೊ ರಿಪೇರಿ ಮಾಡುವ ಯಜಮಾನರೊಬ್ಬರ ಬಳಿಗೆ ಹೊತ್ತುಕೊಂಡು ಹೋದೆ. ಅವರು ಗಿಟಾರ್ ಮುಟ್ಟಿದವರಲ್ಲ. ಹಿಂಬದಿಯಿಂದ ಬಗ್ಗಿ ನೋಡಿ, "ಈ ಇಎಲ್84 ವಾಲ್ವ್ ನಮ್ಮ ರೇಡಿಯೊಗಳಲ್ಲೂ ಇತ್ತು ಕಣಪ್ಪ" ಎಂದರು. ಆಮೇಲೆ ಮುಂದಿನ ನಾಬ್‌ಗಳನ್ನು ನೋಡಿದರು. ಮುಂಭಾಗದ ವಾಲ್ವ್‌ಗಳನ್ನು ದುಡಿಸುವ ಗೇನ್ 8ರಲ್ಲಿತ್ತು, ಕೊನೆಯ ವಾಲ್ವ್‌ಗಳಿಗೆ ಎಷ್ಟು ಸದ್ದು ಹೋಗಬೇಕೆಂದು ಹಿಡಿಯುವ ಮಾಸ್ಟರ್ ವಾಲ್ಯೂಮ್ 2ರಲ್ಲಿತ್ತು. "ಚಿಕ್ಕ ವಾಲ್ವಿನ ಕೈಲೇ ಎಲ್ಲ ದುಡಿಸಿ ದೊಡ್ಡದನ್ನು ಸುಮ್ಮನೆ ಕೂರಿಸಿದ್ದೀಯಲ್ಲ" ಎಂದರು.

ಆ ಒಂದು ಮಾತಿಗೆ ನಾನು ಇಂದಿಗೂ ಋಣಿ. ದೊಡ್ಡವೆಂದರೆ ಸ್ಪೀಕರನ್ನು ನುಡಿಸುವ ಇಎಲ್84ಗಳು, ಚಿಕ್ಕವೆಂದರೆ ಮುಂಭಾಗದ ಇಸಿಸಿ83 ವಾಲ್ವ್‌ಗಳು. ಚಿಕ್ಕವನ್ನಷ್ಟೇ ಹಿಂಡಿದರೆ ಹುಟ್ಟುವುದು ತೆಳ್ಳಗಿನ ಕೊರಕಲು ಸದ್ದು. ಗೇನ್ 3ಕ್ಕೆ ಇಳಿಸಿ ಮಾಸ್ಟರ್ 7ಕ್ಕೆ ಏರಿಸಿದೆ. ದಪ್ಪ ತಂತಿಯನ್ನು ಮೆಲ್ಲಗೆ ಮೀಟಿದಾಗ ತಿಳಿಯಾದ ನಾದ ಬಂತು. ಅದನ್ನೇ ಬಲವಾಗಿ ಮೀಟಿದೆ. ಸ್ವರದ ಮೊದಲ ಪೆಟ್ಟು ತುಸು ಅದುಮಿಕೊಂಡು, ಆಮೇಲೆ ಅಗಲವಾಗಿ ಅರಳಿ, ಅಂಚಿನಲ್ಲಿ ಗದರಿತು. ಇಎಲ್84ಗಳು ಮಿತಿ ಮುಟ್ಟಿದಾಗ ಅಲೆಯ ನೆತ್ತಿ ನಯವಾಗಿ ಚಪ್ಪಟೆಯಾಗುತ್ತದೆ, ಒಳಗಿನ ವಿದ್ಯುತ್ ಪೂರೈಕೆಯೂ ಕ್ಷಣಕಾಲ ಕುಗ್ಗಿ ಮತ್ತೆ ಚೇತರಿಸಿಕೊಳ್ಳುತ್ತದೆ. ಆ ಕುಗ್ಗಿ ಏಳುವುದರಲ್ಲೇ ವಾಲ್ವಿನ ಸೊಗಸಿದೆ ಎಂಬುದು ನನ್ನ ನಂಬಿಕೆ. ಅಂದಿನಿಂದ ಆಂಪಿನ ನಾಬ್‌ಗಳನ್ನು ಹಾಡಿನ ನಡುವೆ ಮುಟ್ಟುವುದಿಲ್ಲ. ಗಾಯಕರ ಹಿಂದೆ ನುಡಿಸುವಾಗ ಗಿಟಾರಿನ ವಾಲ್ಯೂಮ್ 6, ನನ್ನ ಸರದಿ ಬಂದಾಗ 10, ಅಷ್ಟೆ.

ಇದರಿಂದ ಇನ್ನೊಂದು ಸಂಗತಿ ಅರ್ಥವಾಯಿತು. ಸದ್ದು ಸಾಲದೆಂದು ದೊಡ್ಡ ಆಂಪ್ ಕೊಳ್ಳಬಾರದು. 15 ವಾಟ್ 30 ಆದರೆ ಹೆಚ್ಚುವುದು 3 ಡೆಸಿಬೆಲ್ (ಸದ್ದಿನ ಅಳತೆ) ಮಾತ್ರ. ಕಿವಿಗೆ ಇಮ್ಮಡಿ ಎನಿಸಬೇಕಾದರೆ ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ಶಕ್ತಿ ಬೇಕು. ನಮ್ಮ ಆರ್ಕೆಸ್ಟ್ರಾಗಳ ವೇದಿಕೆಗೆ 15 ವಾಟ್ ಧಾರಾಳ. ಅದಕ್ಕಿಂತ ದೊಡ್ಡದನ್ನು ಹದ ಬರುವ ಮಟ್ಟಕ್ಕೆ ಏರಿಸಲು ಗಾಯಕರು ಬಿಡುವುದಿಲ್ಲ.

ಕೆಲವು ಸಂಜೆ ಮಾತ್ರ ಎಲ್ಲ ಸರಿಯಿದ್ದೂ ಆಂಪ್ ಸೊರಗುತ್ತಿತ್ತು. ಮಲ್ಟಿಮೀಟರ್ ಹಿಡಿದು ನೋಡಿದರೆ ಗೋಡೆಯ ಸಾಕೆಟ್ಟಿನಲ್ಲಿ 205 ವೋಲ್ಟ್. 230ಕ್ಕೆಂದು ಮಾಡಿದ ಟ್ರಾನ್ಸ್‌ಫಾರ್ಮರ್ ಆಗ ವಾಲ್ವನ್ನು ಬಿಸಿ ಮಾಡುವ ಒಳತಂತಿಗೆ 6.3ರ ಬದಲು 5.6 ವೋಲ್ಟ್ ಕೊಡುತ್ತದೆ. ಈಗ ಸ್ಟೆಬಿಲೈಸರ್ ಇಲ್ಲದೆ ಎಲ್ಲಿಗೂ ಹೋಗುವುದಿಲ್ಲ. ಪೆಂಡಾಲಿನಲ್ಲಿ ಜನರೇಟರ್ ಇದ್ದರಂತೂ ಮೊದಲು ವೋಲ್ಟೇಜ್ ಅಳೆದು, ಆಮೇಲೆ ಪ್ಲಗ್ ಹಾಕುತ್ತೇನೆ.

ಯಜಮಾನರು ಆ ದಿನವೇ ಪೆನ್ಸಿಲಿನ ಹಿಂಬದಿಯಿಂದ ವಾಲ್ವ್‌ಗಳನ್ನು ಒಂದೊಂದಾಗಿ ತಟ್ಟಿದ್ದರು. ಮೊದಲನೆಯದು ಸ್ಪೀಕರಿನಲ್ಲಿ ಟಣ್ಣೆಂದಿತು. ಅದನ್ನು ಬದಲಿಸಿದ ಮೇಲೆ ಸಣ್ಣ ಕೂಗೊಂದು ನಿಂತಿತು. ಇಷ್ಟನ್ನು ಮನೆಯಲ್ಲೂ ಮಾಡಬಹುದು. ಆದರೆ ತಳದ ಪೆಟ್ಟಿಗೆ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ 300 ವೋಲ್ಟಿಗೂ ಮಿಕ್ಕಿ ಉಳಿದಿರಬಹುದು, ಜೀವಕ್ಕೇ ಅಪಾಯ. ಸ್ಪೀಕರ್ ಜೋಡಿಸದೆ ಆಂಪ್ ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

ಇನ್ನು ಆಂಪ್ ಇಡುವ ಜಾಗ. ಸ್ಪೀಕರಿನ ತೀಕ್ಷ್ಣ ಸ್ವರಗಳು ಟಾರ್ಚಿನ ಬೆಳಕಿನಂತೆ ನೇರ ಹೋಗುತ್ತವೆ. ನೆಲದ ಮೇಲಿಟ್ಟಾಗ ಅವು ನನ್ನ ಮೊಣಕಾಲಿಗೆ ತಾಗುತ್ತಿದ್ದವು. ನನಗೆ ಮಂಕಾಗಿ ಕೇಳುತ್ತಿತ್ತೆಂದು ಟ್ರೆಬಲ್ ಏರಿಸುತ್ತಿದ್ದೆ, ಮುಂದಿನ ಸಾಲಿನವರ ಕಿವಿಗೆ ಅದು ಸೂಜಿಯಂತೆ ಚುಚ್ಚುತ್ತಿತ್ತು. ಈಗ ಕುರ್ಚಿಯ ಮೇಲಿಟ್ಟು, ಮುಂಭಾಗ ತುಸು ಮೇಲ್ಮುಖವಾಗುವಂತೆ ಓರೆ ಮಾಡುತ್ತೇನೆ. ಹಲಗೆಯ ವೇದಿಕೆಯ ಗುಮ್ಮೆನ್ನುವ ಸದ್ದೂ ಇದರಿಂದ ಇಳಿಯಿತು. ಮೈಕನ್ನು ಸ್ಪೀಕರಿನ ನಡುವಿಗೆ ಹಿಡಿಯದೆ ಎರಡು ಬೆರಳಷ್ಟು ಪಕ್ಕಕ್ಕೆ ಸರಿಸಲು ಸೌಂಡ್‌ನವರನ್ನು ಕೇಳಿಕೊಳ್ಳುತ್ತೇನೆ.

ಈಗ ಬೇಸ್ 3, ಮಿಡ್ 8, ಟ್ರೆಬಲ್ 4. ಕೋಣೆಯಲ್ಲಿ ಒಂಟಿಯಾಗಿ ಕೇಳಿದರೆ ಇದು ಒರಟು. ಹೋದ ಗಣಪತಿ ಹಬ್ಬಕ್ಕೆ ಅದೇ ಮಂಡ್ಯದಲ್ಲಿ, ಡ್ರಮ್ಸ್ ಜೋರಾಗಿದ್ದಾಗಲೂ ನನ್ನ ಒಂದೊಂದು ಸ್ವರ ನನಗೆ ಬಿಡಿಯಾಗಿ ಕೇಳಿಸಿತು. ದಪ್ಪ ತಂತಿ ಮಾತ್ರ ಇನ್ನೂ ತುಸು ಮಬ್ಬು. ತಂತಿಯ ಕಂಪನವನ್ನು ಹಿಡಿಯುವ ಪಿಕಪ್ ತಂತಿಗೆ ತೀರಾ ಹತ್ತಿರವಿದೆಯೆಂಬ ಅನುಮಾನದಿಂದ, ಆ ಬದಿಯ ಸ್ಕ್ರೂ ಕಾಲು ಸುತ್ತು ಇಳಿಸುವುದು, ನುಡಿಸಿ ಕೇಳುವುದು, ಮತ್ತೆ ಕಾಲು ಸುತ್ತು ಇಳಿಸುವುದು, ಈ ವಾರವೆಲ್ಲ ಅದೇ ನಡೆದಿದೆ.