ಬಿಸಿಲು ಮೈಗೆ ಏನು ಮಾಡುತ್ತದೆ? ಕೈಗೆ ಬ್ಯಾಂಡ್ ಕಟ್ಟಿ ಊರಲ್ಲಿ ಅಳೆಯುವುದು ಹೇಗೆ

ಏಪ್ರಿಲ್‌ನಲ್ಲಿ ಚಿಂತಾಮಣಿ ಕಡೆ ಮಧ್ಯಾಹ್ನ ಒಂದು ಗಂಟೆಗೆ ಟೊಮೇಟೊ ಕೀಳುವವರಿಗೆ ಬಿಸಿಲಿನ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಆದರೆ ಆಸ್ಪತ್ರೆಯ ರಿಜಿಸ್ಟರಿನಲ್ಲಿ ಅದು ಕಾಣುವುದಿಲ್ಲ. ತಲೆ ಸುತ್ತು ಬಂದವರು ಹುಣಸೆ ಮರದ ಕೆಳಗೆ ಕೂತು, ಮಜ್ಜಿಗೆ ಕುಡಿದು, ಮತ್ತೆ ಕೆಲಸಕ್ಕೆ ಹೋಗುತ್ತಾರೆ. ಅದನ್ನು ಹಿಡಿಯಲು ನಾಡಿ, ನಿದ್ದೆ, ಹೆಜ್ಜೆ ಅಳೆಯುವ, ಕೈಗೆ ಕಟ್ಟುವ ಬ್ಯಾಂಡ್ ಒಂದು ದಾರಿ. ಬುರ್ಕಿನಾ ಫಾಸೊದ ನೂನಾ, ಕೀನ್ಯಾದ ಸಿಯಾಯಾ ಕಡೆಯ ಹಳ್ಳಿಗಳಲ್ಲಿ ಸಂಶೋಧಕರು ಇದನ್ನು ಮಾಡಿದ್ದಾರೆ. ನಾವು ಕಾಲೇಜು ಹುಡುಗರ ಜೊತೆ ಹತ್ತು ಮನೆಗಳಲ್ಲಿ ಒಂದು ಬೇಸಿಗೆ ಮಾಡಿ ನೋಡಿದೆವು. ಎಡವಿದ್ದೇ ಜಾಸ್ತಿ. ಎಲ್ಲೆಲ್ಲಿ ಎಡವಿದೆವು ಅಂತಲೇ ಬರೆಯುತ್ತಿದ್ದೇನೆ.

ಮೊದಲು ಅನುಮತಿ. ಕಾಲೇಜು ಅಥವಾ ಆಸ್ಪತ್ರೆಯ ಎಥಿಕ್ಸ್ ಕಮಿಟಿ ಒಪ್ಪಬೇಕು, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಓದಿಕೊಳ್ಳಿ. ಒಪ್ಪಿಗೆ ಪತ್ರ ಬರೀ ಕನ್ನಡದಲ್ಲಿದ್ದರೆ ಸಾಲದು. ಬಾಗೇಪಲ್ಲಿ, ಪಾವಗಡ ಕಡೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಅದರಲ್ಲೇ ಓದಿ ಹೇಳಿ. ಇನ್ನೊಂದು ಮಾತು ಎರಡೆರಡು ಸಲ ಹೇಳಬೇಕು: ಇದು ಚಿಕಿತ್ಸೆ ಅಲ್ಲ. "ಇದು ಕಟ್ಟಿಕೊಂಡರೆ ಶುಗರ್ ಇಳಿಯುತ್ತಾ?" ಅಂತ ನಮ್ಮನ್ನು ಮೂರು ಮನೆಯಲ್ಲಿ ಕೇಳಿದರು.

ಬ್ಯಾಂಡ್ ಕೊಳ್ಳುವಾಗ ಚೆಂದ ನೋಡಬೇಡಿ. ಒಂದು ಸಲ ಚಾರ್ಜ್ ಮಾಡಿದರೆ ವಾರ ಬರುತ್ತದಾ, ಫೋನ್ ಹತ್ತಿರ ಇಲ್ಲದಿದ್ದರೂ ಲೆಕ್ಕವನ್ನು ಒಳಗೇ ಇಟ್ಟುಕೊಳ್ಳುತ್ತದಾ, ಸಮಯದ ಸಮೇತ ನಾಡಿಯ ಪೂರ್ತಿ ಲೆಕ್ಕವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದಾ? ಬರೀ ಬಣ್ಣದ ಗ್ರಾಫ್ ತೋರಿಸುವ ಆಪ್ ನಮಗೆ ಬೇಡ. ಕೊಂಡ ಮೇಲೆ ಬೆರಳಿಟ್ಟು ಒಂದು ನಿಮಿಷ ನಾಡಿ ಎಣಿಸಿ, ಬ್ಯಾಂಡ್ ತೋರಿಸುವುದರ ಜೊತೆ ಹೋಲಿಸಿ. ಆಮೇಲೆ ಎರಡು ಟೊಮೇಟೊ ಕ್ರೇಟ್ ಹೊತ್ತು ಬಂದು ಮತ್ತೆ ಎಣಿಸಿ. ಕೂತಾಗ ಸರಿಯಿದ್ದು ಹೊತ್ತಾಗ ತಪ್ಪು ತೋರಿಸುವುದೇ ಇವುಗಳ ಮಾಮೂಲಿ ರೋಗ. ಬ್ಯಾಂಡಿನ ಹಸಿರು ಬೆಳಕು ಚರ್ಮದೊಳಗೆ ಹೋಗಿ ರಕ್ತದ ಹರಿವನ್ನು ನೋಡುತ್ತದೆ, ಕೈ ಅಲುಗಿದರೆ, ಪಟ್ಟಿ ಸಡಿಲವಾದರೆ ಲೆಕ್ಕ ಕೆಡುತ್ತದೆ. ಹೆಂಗಸರ ಬಳೆಯದ್ದು ದೊಡ್ಡ ತೊಂದರೆ. ಬಳೆ ತೆಗೆಯಿರಿ ಅಂತ ಕೇಳಲೇಬೇಡಿ, ಬಳೆಗಿಂತ ಮೇಲೆ, ಮೊಣಕೈ ಕಡೆಗೆ ಬ್ಯಾಂಡ್ ಕಟ್ಟಿ. ಹಾಲು ಕರೆಯುವಾಗ, ಸೊಪ್ಪು ಕೊಯ್ಯುವಾಗ ಕೈ ಆಡುವುದನ್ನೂ ಬ್ಯಾಂಡ್ ಹೆಜ್ಜೆ ಅಂತ ಎಣಿಸಿಬಿಡಬಹುದು, ಹೆಜ್ಜೆ ಲೆಕ್ಕವನ್ನು ಪೂರ್ತಿ ನಂಬಬೇಡಿ. ಮಣಿಕಟ್ಟಿನ ಚರ್ಮದ ಬಿಸಿ ಕೂಡ ಒಳಮೈಯ ಬಿಸಿ ಅಲ್ಲ, ಅದನ್ನು ನೋಡಿ ಜ್ವರ ಅನ್ನಬೇಡಿ.

ಈಗ ಹವೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರಗಳಿವೆ, ಆ ಲೆಕ್ಕ ತಗೊಳ್ಳಿ. ಆದರೆ ಅದು ಬಯಲಿನದ್ದು. ಶೀಟಿನ ಮನೆಯಲ್ಲಿ ರಾತ್ರಿ ಹತ್ತಕ್ಕೂ ಧಗೆ ಆರಿರುವುದಿಲ್ಲ, ಹೆಂಚಿನ ಮನೆ ಬೇರೆ, ಆರ್‌ಸಿಸಿ ಬೇರೆ. ಪ್ರತಿ ಮನೆಯಲ್ಲೂ ಮಲಗುವ ಜಾಗದಲ್ಲಿ ಶಾಖ ಮತ್ತು ತೇವ ಬರೆದುಕೊಳ್ಳುವ ಸಣ್ಣ ಯಂತ್ರ ತೂಗುಹಾಕಿ.

ಹೊಲಕ್ಕೆ ಬರೀ ಥರ್ಮಾಮೀಟರ್ ಸಾಲದು. ಒದ್ದೆ ಬತ್ತಿ ಸುತ್ತಿದ ಥರ್ಮಾಮೀಟರ್ ಒಂದು, ಕಪ್ಪು ಗೋಳದೊಳಗಿನದು ಒಂದು, ನೆರಳಿನದು ಒಂದು. ಮೊದಲನೆಯದರ 0.7 ಪಾಲು, ಗೋಳದ 0.2 ಪಾಲು, ನೆರಳಿನ 0.1 ಪಾಲು ಸೇರಿಸಿ. ಒದ್ದೆಯದು 24, ಗೋಳ 48, ನೆರಳು 37 ಡಿಗ್ರಿ ಇದ್ದರೆ 30.1 ಬರುತ್ತದೆ. ಶಾಖ, ತೇವ, ಬಿಸಿಲು ಎಲ್ಲ ಸೇರಿದ ಈ ಅಳತೆಗೆ ಡಬ್ಲ್ಯುಬಿಜಿಟಿ ಅನ್ನುತ್ತಾರೆ. ಬಿಸಿಲಿಗೆ ಒಗ್ಗಿದವರು ಮಧ್ಯಮ ದುಡಿತ ದುಡಿಯುವಾಗಲೂ, ದುಡಿಯುವವರ ಸೆಕೆಗೆ ಇರುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 7243ರ ಮಿತಿ 28. ಅಂದರೆ ಗುದ್ದಲಿ ಕೆಳಗಿಡುವ ಹೊತ್ತು ಆಗಲೇ ಮೀರಿದೆ. ಗೋಳಕ್ಕೆ ಟೇಬಲ್ ಟೆನಿಸ್ ಚೆಂಡಿಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿದು ಒಳಗೆ ಸೆನ್ಸರ್ ಇಡುವವರೂ ಇದ್ದಾರೆ. ದೊಡ್ಡ ಗೋಳದಷ್ಟು ನಿಖರವಲ್ಲ, ಆದರೆ ನಮ್ಮಂಥವರ ಜೇಬಿಗೆ ಅದೇ.

ಏಪ್ರಿಲ್‌ನಲ್ಲಿ ಶುರು ಮಾಡಿದರೆ ಕೆಟ್ಟಿರಿ. ಜನವರಿ ಕೊನೆಗೇ ಬ್ಯಾಂಡ್ ಕಟ್ಟಿ, ತಂಪಿನ ಎರಡು ವಾರದ ಲೆಕ್ಕ ಇಟ್ಟುಕೊಳ್ಳಿ. ಒಬ್ಬರ ನಾಡಿಯನ್ನು ಇನ್ನೊಬ್ಬರ ಜೊತೆ ಹೋಲಿಸಬೇಡಿ, ಅವರದ್ದೇ ತಂಪಿನ ದಿನಕ್ಕೆ ಅವರದ್ದೇ ಸೆಕೆಯ ದಿನವನ್ನು ಹೋಲಿಸಿ. ಬಿಪಿ ಮಾತ್ರೆಯ ಹೆಸರು ಬರೆದುಕೊಳ್ಳಿ. ಅಟೆನೊಲಾಲ್, ಮೆಟೊಪ್ರೊಲಾಲ್ ನುಂಗುವವರ ನಾಡಿ ಬಿಸಿಲಲ್ಲೂ ಅಷ್ಟಾಗಿ ಏರುವುದಿಲ್ಲ. ಅವರು ಆರಾಮಾಗಿದ್ದಾರೆ ಅಂತ ಅರ್ಥ ಅಲ್ಲ.

ಎಲ್ಲಕ್ಕಿಂತ ಮುಖ್ಯ ದಿನಚರಿ ಪುಸ್ತಕ. ನಾವು ಇದನ್ನೇ ಹಗುರ ಮಾಡಿಕೊಂಡೆವು. ಒಬ್ಬ ಅಕ್ಕನ ನಿದ್ದೆ ವಾರಗಟ್ಟಲೆ ರಾತ್ರಿ ಎರಡೂವರೆಗೇ ಮುರಿಯುತ್ತಿತ್ತು. ಶೀಟಿನ ಮನೆ, ಸೆಕೆ, ಪಕ್ಕಾ ಸಾಕ್ಷಿ ಸಿಕ್ಕಿತು ಅಂತ ಹುಡುಗರು ಕುಣಿದಾಡಿದರು. ನಾನೂ ನಂಬಿದೆ. ಆಮೇಲೆ ಮನೆಗೆ ಹೋಗಿ ಕೇಳಿದರೆ, "ತ್ರೀ ಫೇಸ್ ಕರೆಂಟು ಆಗಲೇ ಅಲ್ವಾ ಬರೋದು, ಮೋಟ್ರು ಹಾಕಕ್ಕೆ ಎದ್ದೇಳ್ತೀನಿ" ಅಂದರು. ಇನ್ನೊಂದು ಮನೆಯಲ್ಲಿ "ನಾಲ್ಕನೇ ಜ್ವರ ಎದ್ದ ಮೇಲೆ ನಿದ್ದೆನೇ ಇಲ್ಲ" ಅಂದಿದ್ದನ್ನು ಹುಡುಗಿ ಒಬ್ಬಳು ಮಲೇರಿಯಾ ಇರಬಹುದು ಅಂತ ಬರೆದುಕೊಂಡು ಬಂದಳು. ಜ್ವರ ರೇಷ್ಮೆ ಹುಳದ್ದು ಮಾರಾಯ್ರೆ, ಹುಳ ಪೊರೆ ಬಿಡುವುದಕ್ಕೆ ಜ್ವರ ಅನ್ನುತ್ತಾರೆ! ನಾಲ್ಕನೇ ಜ್ವರ ದಾಟಿದ ಹುಳ ಹಗಲು ರಾತ್ರಿ ಸೊಪ್ಪು ತಿನ್ನುತ್ತದೆ, ಮನೆಯವರು ಮಲಗುವುದು ಯಾವಾಗ? ಹಾಗಾಗಿ ಯಂತ್ರ ಹೇಳದ ಇಂಥದ್ದನ್ನೆಲ್ಲ ದಿನಾ ಸಂಜೆ ಕೇಳಿ ಬರೆಯಬೇಕು: ಯಾವ ಕೆಲಸ, ಎಷ್ಟು ಹೊತ್ತು, ಎಷ್ಟು ಚೊಂಬು ನೀರು, ಬೋರ್‌ವೆಲ್ ನೀರಾ ಶುದ್ಧ ನೀರಿನ ಘಟಕದ್ದಾ (ನಮ್ಮ ಕಡೆ ಬೋರ್ ನೀರಲ್ಲಿ ಫ್ಲೋರೈಡ್ ಇರುತ್ತದೆ, ಸುಮ್ನೆ ನೀರು ಜಾಸ್ತಿ ಕುಡೀರಿ ಅನ್ನುವ ಹಾಗಿಲ್ಲ), ಉರಿಮೂತ್ರ, ಕಣ್ಣು ಕತ್ತಲೆ, ರಾತ್ರಿ ಮೋಟ್ರು, ಹುಳು ಮನೆ, ಉಪವಾಸ, ಜಾತ್ರೆ.

ಲೆಕ್ಕ ಹಾಕುವಾಗ ಬ್ಯಾಂಡ್ ಬಿಚ್ಚಿಟ್ಟ ಹೊತ್ತನ್ನು ತೆಗೆದುಹಾಕಿ. ಮಲಗಿದಾಗಿನ ನಾಡಿ ಮತ್ತು ನಿದ್ದೆಯ ಹೊತ್ತು, ಈ ಎರಡೇ ಮೊದಲ ಸಲಕ್ಕೆ ಸಾಕು. ಹಿಂದಿನ ದಿನದ ಸೆಕೆಯನ್ನೂ ಜೊತೆಗಿಟ್ಟು ನೋಡಿ, ಮೈ ಅದನ್ನು ಒಂದೇ ದಿನಕ್ಕೆ ಮರೆಯುವುದಿಲ್ಲ.

ಯಾರಾದರೂ ಬಿಸಿಲಲ್ಲಿ ತೊದಲಿದರೆ, ಗೊಂದಲಪಟ್ಟರೆ, ಬಿದ್ದರೆ ಬ್ಯಾಂಡ್ ನೋಡುತ್ತಾ ನಿಲ್ಲಬೇಡಿ. ನೆರಳಿಗೆ ಎಳೆದು, ಮೈಗೆ ನೀರು ಹಾಕಿ ಗಾಳಿ ಬೀಸಿ, 108ಕ್ಕೆ ಫೋನ್ ಮಾಡಿ. ಎಚ್ಚರ ಇಲ್ಲದವರಿಗೆ ಕುಡಿಯಲು ಏನೂ ಕೊಡಬೇಡಿ.

ಕೊನೆಗೆ ಅವರವರ ಲೆಕ್ಕವನ್ನು ಅವರವರ ಕೈಗೇ, ಬೇರೆಯವರಿಗೆ ತೋರಿಸದೆ ಕೊಡಿ. ನಾವೂ ಹಾಗೇ ಕೊಟ್ಟೆವು. ಮೋಟ್ರಿನ ಅಕ್ಕ ಮಾತ್ರ ತಮ್ಮ ಹಾಳೆಯನ್ನು ತಾವೇ ತಗೊಂಡು ಹೋಗಿ ಗಂಡನ ಹಾಳೆಯ ಪಕ್ಕ ಇಟ್ಟರು. ಆತನದ್ದು ರಾತ್ರಿ ಪೂರ್ತಿ ಮುರಿಯದ ನಿದ್ದೆಯ ಒಂದೇ ನೇರ ಗೆರೆ. "ನೋಡ್ರಿ, ಮೋಟ್ರು ಹಾಕಕ್ಕೆ ಯಾರು ಏಳೋದು ಅಂತ ಈಗ ಕಾಗದದಲ್ಲೇ ಬಂತು" ಅಂದರು. ಆತ ಎದ್ದು ಹಸುಗೆ ಹುಲ್ಲು ಹಾಕಲು ಹೋದ.